ಹೆಸರು ಕೆಟ್ಟೈತಿ

ಮೈಸೂರು
4 ಆಗಸ್ಟ್ 2024

ಅಪ್ಪಾರಿಗೆ ಶೈಲಾ ಮಾಡುವ ನಮಸ್ಕಾರ.

‘ನಾ ಇಲ್ಲಿ ಆರಾಮ ಅದೀನಿ, ನೀವೂ ಆರಾಮ ಅದೀರಂತ ತಿಳಿದೀನಿ’ ಅಂತ ಶುರು ಮಾಡಬೇಕು. ಆದ್ರ ತಿಳಿಯೂದು ಹ್ಯಾಂಗರಿ? ಮೂರು ತಿಂಗಳಾತು, ನೀವು ಫೋನ್ ಎತ್ತವಲ್ರಿ. ಅವ್ವ ಎತ್ತತಾಳ. ‘ಅಪ್ಪ ಅಂಗಡ್ಯಾಗ ಅದಾರ’ ಅಂತಾಳ, ಇಲ್ಲಂದ್ರ ‘ಜಳಕಕ್ಕ ಹೋಗ್ಯಾರ’ ಅಂತಾಳ. ದಿನಕ್ಕ ಎಷ್ಟು ಸಲ ಜಳಕಾ ಮಾಡ್ತೀರಿ ನೀವು? ಲಕ್ಷ್ಮೇಶ್ವರದ ವರನ್ನ ಒಲ್ಲೆ ಅಂದೆ ಅಂತ ಸಿಟ್ಟಿದ್ರ ನೆಟ್ಟಗ ಬೈದುಬಿಡ್ರಿ, ಮುಗದು ಹೋಗ್ಲಿ. ‘ಪತ್ರ ಬರದ್ರ ಉತ್ತರಾ ಕೊಡ್ತಾರಂತ’ ಅಂದಳು ಅವ್ವ. ಅದಕ್ಕ ಅಂಚೆ ಕಚೇರಿ ಹುಡುಕ್ಕೊಂಡು ಹೋಗಿ ಕವರ್ ತಂದೀನಿ. ಕೌಂಟರಿನ್ಯಾಗ ಕುಂತಾಕಿ ನನ್ನ ಮಾರಿ ಎರಡೆರಡು ಸಲ ನೋಡಿದಳು.

ಮಗಳು ಮಾಡೂದೇನು ಅಂತ ಅವ್ವನ ಕಡೆ ಕೇಳಿದ್ರಂತ. ಹೇಳ್ತೀನಿ. ನಮ್ಮ ಸಂಸ್ಥೆಯೊಳಗ ದೊಡ್ಡ ಕೊಳವಿಯಂಥಾ ಮಷಿನ್ ಐತಿ. ಅದರಾಗ ಮನಷ್ಯಾನ್ನ ಮಲಗಸ್ತೀವಿ, ತಲಿ ಅಲುಗಾಡಸಬ್ಯಾಡ್ರಿ ಅಂತೀವಿ. ಮೊದಲ ಅವರ ಮಾತು ರೆಕಾರ್ಡ್ ಮಾಡಿ ಬ್ಯಾರೆ ಮಂದಿಗೆ ಕೇಳಸಿರತೀವಿ. ಆ ಮಂದಿ ಇವರ ಬಗ್ಗೆ ಏನಂದ್ರು ಅನ್ನೂದು ಕಣ್ಣ ಮುಂದಿನ ಪರದೇದ ಮ್ಯಾಲೆ ಬರತೈತಿ. ‘ನಂಬೂವಂಥ ಮನಷ್ಯಾ’, ‘ಚಲೋ ಹೆಣಮಗಳು’, ಹಿಂಗ. ಅದನ್ನ ಓದಿದಾಗ ಮಿದುಳಿನ್ಯಾಗ ಎಲ್ಲಿ ರಕ್ತದ ಓಡಾಟ ಹೆಚ್ಚಾಕ್ಕೈತಿ ಅಂತ ನಾವು ನೋಡೂದು. ತಮಾಷಿ ಏನಂದ್ರ, ಬಹುಮಾನ ಸಿಕ್ಕಾಗ, ಸಿಹಿ ತಿಂದಾಗ ಯಾವ ಜಾಗಾ ಚುರುಕಾಕ್ಕೈತೋ ಹೊಗಳಿಕಿಗೂ ಅದೇ ಜಾಗಾ. ಮಿದುಳಿಗೆ ಪೇಢೆನೂ ಒಂದೇ, ಶಹಬ್ಬಾಸಗಿರಿನೂ ಒಂದೇ. ಅದರಾಗ ನಾಕು ಮಂದಿ ನೋಡಾಕ ಹತ್ಯಾರ ಅಂತ ಗೊತ್ತಾದ್ರ ಇನ್ನೂ ಜೋರು.

ಸಂಶೋಧನಾ ನಮ್ಮ ಸರ್‌ದು; ಯಾರನ್ನ ಮಲಗಸಬೇಕು, ಯಾರಿಗೆ ಹೊಗಳಿಕಿ ತೋರಸೂದು, ಹೋಲಸಿ ನೋಡಾಕ ಯಾರಿಗೆ ಬರೇ ಅಕ್ಷರ ತೋರಸೂದು, ಯಾರದು ಯಾವ ಪಟ್ಟಿ, ಎಲ್ಲಾ ಲೆಕ್ಕ ಇಡೂದು ನಾನ. ತಪ್ಪು ನಡಿಯಾಂಗಿಲ್ಲ. ಉತ್ತರಾ ಬರೀರಿ.

ನಿಮ್ಮ
ಶೈಲಾ


ಮುಂಡರಗಿ
14 ಆಗಸ್ಟ್ 2024

ಚಿ. ಶೈಲಾಗ ಅಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ನಾ ಎರಡು ಸಲ ಓದಿದೆ, ನಿಮ್ಮವ್ವ ಮೂರು ಸಲ ಓದಿದಳು. ಸಿಟ್ಟು ಐತಿ, ಹೌದು. ಹಂಗಂತ ಫೋನಿನ್ಯಾಗ ಬೈದ್ರ ಏನ ಬಂತು? ಫೋನ್ ಅಂದ್ರ ಬರೇ ಕಿರಿಕಿರಿ, ಅರ್ಧಾ ಮಾತು ಗಾಳಿಗೆ ಹೋಗತಾವ. ಪತ್ರಕ್ಕ ಒಂದು ವಜನ ಇರತೈತಿ. ಇನ್ನ ಮ್ಯಾಲೆ ಪತ್ರಾನ ಬರಿ.

ನಿನ್ನ ಮಷಿನ್ ಸುದ್ದಿ ಓದಿ ನಕ್ಕಿದ್ದ ನಕ್ಕಿದ್ದು. ಹೊಗಳಿದ್ರ ಮನಷ್ಯಾ ಉಬ್ಬತಾನ ಅಂತ ತಿಳಕೊಳ್ಳಾಕ ಅಷ್ಟು ದೊಡ್ಡ ಕೊಳವಿ ಬೇಕೇನವಾ? ನಿಮ್ಮ ಸರ್‌ನ ಒಂದಿನ ನಮ್ಮ ಅಂಗಡಿಗೆ ಕರಕೊಂಡು ಬಾ. ಸುಗ್ಗಿ ಚಾಲೂ ಆಗೇತಿ. ಕೊರ್ಲಹಳ್ಳಿ, ಸಿಂಗಟಾಲೂರು ಕಡಿಂದ ಟ್ರ್ಯಾಕ್ಟರ್ ಮ್ಯಾಲೆ ಟ್ರ್ಯಾಕ್ಟರ್. ನಮ್ಮ ದಲಾಲಿ ಅಂಗಡಿ ಮಾಲಕರು ಅಂದಪ್ಪ ಸಾಹುಕಾರ್ರು ಕಾಳಿನ ಹಸಿ ತೋರ್ಸೂ ಮಷಿನ್ ಒಂದು ತಂದು ಕಟ್ಟಿ ಮ್ಯಾಲೆ ಕುಂದರ್ಸ್ಯಾರ. ಅದು ನಂಬರ್ ತೋರಸ್ತೈತಿ. ನಂಬರ್ ನೋಡಿದ ಮ್ಯಾಲೂ ರೈತರು ನನ್ನ ಕಡೆ ತಿರಗತಾರ. ‘ನೀವು ಒಂದು ಕಾಳು ಕಡೀರಿ ಯಜಮಾನ್ರ.’

ನಾ ಕಡೀತೀನಿ. ಕಟ್ ಅಂತ ಸಪ್ಪಳ ಬಂದ್ರ ಒಣಗೈತಿ. ಬರಲಿಲ್ಲ ಅಂದ್ರ ಇನ್ನೂ ಹಸಿ, ಬಿಸಲಿಗೆ ಹಾಕಬೇಕು. ಕಟ್ ಅಂದಕೂಡಲೇ ನಾ ‘ಕಟ್ಟ್ರಿ’ ಅಂತೀನಿ. ಹಮಾಲ ಅತಾವುಲ್ಲಾ ಹೆಗಲ ಟಾವೆಲ್ ಝಾಡಿಸಿ ಚೀಲದ ಬಾಯಿ ಹೊಲ್ಯಾಕ ಕುಂದ್ರತಾನ. ನಲವತ್ತು ವರ್ಷ ಆತು. ಸುತ್ತಮುತ್ತ ನಿಂತವರು ‘ಕಟ್ ಕಳಕಪ್ಪ ಅಂದ್ರ ಕಳಕಪ್ಪ’ ಅಂತಾರ. ಆವಾಗ ನನ್ನ ಮಿದುಳಿನ್ಯಾಗ ಯಾವ ಜಾಗಾ ಚುರುಕಾಕ್ಕೈತೋ ಶಿವಗ ಗೊತ್ತು, ಮೀಸಿ ಮಾತ್ರ ತಾನ ಮ್ಯಾಲೆ ಏಳತಾವ.

ನಿನ್ನ ಅಪ್ಪ
ಕಳಕಪ್ಪ

ಮೂಲ್ಯಾಗ ಅವ್ವ ಬರದದ್ದು: ನಿಮ್ಮಪ್ಪ ಟಿವಿ ಊರಿಗೆಲ್ಲಾ ಕೇಳೂಹಂಗ ಇಡತಾರ. ಬಾಜೂ ಮನಿಯವರು ಜಗಳಕ್ಕ ಬಂದಿದ್ರು. ನೀನರ ಒಂದು ಮಾತು ಹೇಳು.


ಮೈಸೂರು
24 ಆಗಸ್ಟ್ 2024

ಅಪ್ಪಾರಿಗೆ ನಮಸ್ಕಾರ. ಇವತ್ತ ಕ್ಷೇಮ ಸಮಾಚಾರ ಎಲ್ಲಾ ಬಾಜೂಕಿಡ್ರಿ!

ನಿನ್ನೆ ನಮ್ಮ ಮೀಟಿಂಗ್ ಇತ್ತು. ನಲವತ್ತು ಮಂದಿ ಕುಂತಿದ್ರು. ಸರ್ ನಮ್ಮ ಫಲಿತಾಂಶ ತೋರಿಸಿದ್ರು. ಎಷ್ಟು ಚಂದ ಬಂದೈತಿ ಅಂದ್ರ, ಹೊಗಳಿಕಿ ಓದಿದವರದು ಒಂದು ಕಡೆ, ಸುಮ್ಮನ ಅಕ್ಷರ ಓದಿದವರದು ಒಂದು ಕಡೆ, ನಡುವ ಗೆರಿ ಕೊರದಂಗ. ಕಡೀಕ ಸರ್ ನನ್ನ ಕಡೆ ಕೈ ತೋರಿಸಿ, ‘ಶೈಲಾ ಇಲ್ಲದೇ ಹೋಗಿದ್ದರೆ ಈ ಕೆಲಸವೇ ಇಲ್ಲ’ ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಕಿವಿ ಬಿಸಿ ಆಗಿಬಿಟ್ವು. ಮಧ್ಯಾಹ್ನ ಊಟ ಸೇರಲಿಲ್ಲ. ನಿಮ್ಮ ಮೀಸಿ ನೆನಪಾತು.

30 ಆಗಸ್ಟ್

ಮ್ಯಾಲಿಂದು ಬರದು ಅಂಚೆಗೆ ಹಾಕಿರಲಿಲ್ಲ, ಹಂಗ ಉಳದಿತ್ತು. ಅಪ್ಪಾರ, ಒಬ್ಬರ ಕಾಳಿನ ಚೀಲ ಇನ್ನೊಬ್ಬರಿಗೆ ಅದಲುಬದಲು ಆದ್ರ ನಿಮ್ಮ ಅಂಗಡ್ಯಾಗ ಏನ ಮಾಡ್ತೀರಿ? ಎಲ್ಲಾರೂ ಚೀಲ ಒಯ್ದ ಮ್ಯಾಲೆ ತಿಳಿದ್ರ? ಸುಮ್ಮನ ಕೇಳಿದೆ.

ನಾಕು ದಿನದಿಂದ ಜೀವ ಕುಂತಲ್ಲಿ ಕುಂದ್ರವಲ್ದು. ಸರ್ ಎದುರಿಗೆ ಬಂದ್ರ ದಾರಿ ತಪ್ಪಸ್ತೀನಿ. ಅವರು ಮಾತಾಡಸದ ಹೋದ್ರೂ ಕಸಿವಿಸಿ, ನಕ್ಕೋತ ಮಾತಾಡಿಸಿದ್ರೂ ಕಸಿವಿಸಿ. ಏನೂ ಆಗಿಲ್ಲ, ಅವ್ವಗ ಹೇಳಬ್ಯಾಡ್ರಿ.

ಗಣಪತಿ ಹಬ್ಬಕ್ಕ ಸೌಂದರ್ಯಾ ಬರತಾಳ. ನನ್ನ ಬಾಜೂ ಮೇಜಿನಾಕಿ, ಬೆಟಗೇರಿಯಾಕಿ. ಮುಂಡರಗ್ಯಾಗ ಅಕಿ ಸೋದರತ್ತಿ ಮನಿ ಐತಿ. ಅಕಿ ಕೈಯಾಗ ಮೈಸೂರ್ ಪಾಕ ಕೊಟ್ಟೀನಿ. ಹುಡುಗಿ ಚಲೋ, ಆದ್ರ ಬಾಯಿಗೆ ಬಾಗಲಾ ಇಲ್ಲ. ಅಕಿ ಹೇಳಿದ್ದೆಲ್ಲಾ ನಂಬಬ್ಯಾಡ್ರಿ.

ಶೈಲಾ


ಮುಂಡರಗಿ
12 ಸೆಪ್ಟೆಂಬರ್ 2024

ಚಿ. ಶೈಲಾಗ,

ಸೌಂದರ್ಯಾ ಬಂದು ಹೋದಳು. ಮೈಸೂರ್ ಪಾಕ ಮುಟ್ಟಿತು. ಅರ್ಧಾ ತಾಸು ಕುಂತು ನಿನ್ನ ಸುದ್ದಿ, ನಿಮ್ಮ ಆಫೀಸಿನ ಸುದ್ದಿ ಹೇಳಿದ್ದ ಹೇಳಿದ್ದು. ನಾ ಹೂಂ ಹೂಂ ಅಂತ ಕುಂತಿದ್ದೆ. ನಿಮ್ಮವ್ವ ಮನ್ಯಾಗ ಇದ್ದಿಲ್ಲ, ಚಲೋನ ಆತು.

ಏನಂತ ಬರೀಲಿ. ಹೆಸರು ಕೆಟ್ಟೈತಿ. ನಲವತ್ತು ವರ್ಷದಾಗ ಹಿಂಗ ಆಗಿದ್ದಿಲ್ಲ. ಒಳಗಿಂದ ಕೆಟ್ಟೈತಿ, ಹೊರಗ ನೋಡಿದವರಿಗೆ ತಿಳಿಯೂದಿಲ್ಲ. ತಪ್ಪು ಯಾರದು ಅಂತ ಇನ್ನೂ ಯಾರೂ ಕೇಳಿಲ್ಲ. ಅವರು ಕೇಳೂದರೊಳಗ ಮಾಡಿದವರು ತಾವಾ ಬಾಯಿಬಿಟ್ಟು ಹೇಳಿದ್ರ ಸರಿ. ಆದ್ರ ಹೇಳಾಕ ಎದಿ ಬೇಕಲ್ಲ. ಬಜಾರಕ್ಕ ಹೋಗಾಕ ನನಗ ಮಾರಿ ಇಲ್ಲ.

ಅತಾವುಲ್ಲಾ ಸ್ವಾದರ ಸೊಸಿ ಮದವಿಗೆಂತ ಲಕ್ಷ್ಮೇಶ್ವರಕ್ಕ ಹೋಗಿದ್ದ. ಅವಾ ಇದ್ದಿದ್ರ... ಇರ್ಲಿ ಬಿಡು. ಹೆಚ್ಚಿಗಿ ಬರ್ಯಾಕ ಆಗವಲ್ದು.

ಕಳಕಪ್ಪ


ಮೈಸೂರು
18 ಸೆಪ್ಟೆಂಬರ್ 2024

ಅಪ್ಪಾ,

ಅಂದ್ರ ಸೌಂದರ್ಯಾ ಹೇಳೇಬಿಟ್ಟಳು. ನನಗ ಅನುಮಾನ ಇತ್ತು, ಅಕಿ ನನ್ನ ಕಂಪ್ಯೂಟರ್ ನೋಡ್ಯಾಳ ಅಂತ. ಹೇಳಿದ್ರ ಹೇಳ್ಲಿ, ನನ್ನ ಮುಂದ ಬಂದು ಹೇಳಬೇಕಿತ್ತು. ನಿನ್ನ ಮುಂದ ಹೋಗಿ, ಹಬ್ಬದ ದಿನ, ನನ್ನ ಮೈಸೂರ್ ಪಾಕ ಕೈಯಾಗ ಹಿಡಕೊಂಡು!

ಅಕಿ ಹೇಳಿದ್ದು ಖರೆ. ಎಂಟು ಮಂದಿ ನಂಬರ್ ಅದಲುಬದಲು ಮಾಡೀನಿ. ಹೊಗಳಿಕಿ ಓದಿದವರ ಪಟ್ಟಿದು ಸುಮ್ಮನ ಅಕ್ಷರ ಓದಿದವರ ಪಟ್ಟಿಗೆ, ಅಲ್ಲಿಂದು ಇಲ್ಲಿಗೆ. ಬೇಕಂತ ಮಾಡಿಲ್ಲ ಅಪ್ಪಾ, ದೇವರಾಣಿ. ಗಡಿಬಿಡ್ಯಾಗ ಆತು. ಚಪ್ಪಾಳಿ ಹೊಡದ ಮ್ಯಾಲೆ, ಮೂರನೇ ದಿನ ನನಗ ತಿಳೀತು. ಸರಿ ಮಾಡಿ ನೋಡಿದೆ. ಆ ಚಂದನ್ನ ಗೆರಿ ಉಳಿಯೂದಿಲ್ಲ, ಎರಡೂ ಕಡೆ ಹೆಚ್ಚೂಕಡಿಮಿ ಒಂದೇ. ಅಕ್ಟೋಬರ್ ಐದಕ್ಕ ಸರ್ ಅದನ್ನ ದೊಡ್ಡ ಸಭ್ಯಾಗ ಓದತಾರ. ಟಿಕೆಟ್ ಮಾಡಿಸ್ಯಾರ.

ದಿನಾ ಮುಂಜಾನೆ ಇವತ್ತ ಹೇಳಬೇಕು ಅಂತ ಹೋಗತೀನಿ. ಬಾಗಲದಾಗ ಸರ್ ‘ಬಾ ಶೈಲಾ’ ಅಂತ ನಕ್ಕಕೂಡಲೇ ಬಾಯಿ ಹೊಲದಂಗ ಆಕ್ಕೈತಿ. ಹೊಗಳಿಕಿ ಮಿದುಳಿಗೆ ಏನ ಮಾಡತೈತಿ ಅಂತ ಕಂಡುಹಿಡಿಯೂದು ನನ್ನ ಕೆಲಸ. ನನ್ನ ಮಿದುಳು ನೋಡಿದ್ರ ಒಂದು ಶಹಬ್ಬಾಸಗಿರಿಗೆ ನಾಯಿಹಂಗ ಬಾಲಾ ಅಳ್ಳಾಡಸಾಕ ಹತ್ತೈತಿ. ಆ ನಲವತ್ತು ಮಂದಿ ಮಾರಿ ಕಣ್ಣ ಮುಂದ ಬಂದ್ರ ತಾಟು ಸರಿಸಿ ಎದ್ದುಬಿಡತೀನಿ.

ನೀ ‘ಹೆಸರು ಕೆಟ್ಟೈತಿ’ ಅಂತ ಒಂದು ಸಾಲು ಬರದು ಕೈ ತೊಳಕೊಂಡಿ. ಮಗಳ, ಏನಾತು ಅಂತ ಒಂದು ಮಾತು ಕೇಳಲಿಲ್ಲ. ಬಜಾರಕ್ಕ ಹೋಗಾಕ ನಿನಗ ಮಾರಿ ಇಲ್ಲಂತ. ನಿನಗಿದು ತಿಳಿಯಾಂಗಿಲ್ಲ ಬಿಡು. ಕಟ್ ಕಳಕಪ್ಪ ಈ ಜನ್ಮದಾಗ ತಪ್ಪು ಹೇಳಿದ್ದಿಲ್ಲ.

ಶೈಲಾ


ಮುಂಡರಗಿ
25 ಸೆಪ್ಟೆಂಬರ್ 2024

ಶೈಲವ್ವಾ,

ಯವ್ವಾ, ಯಾವ ಹೆಸರು ಅಂತ ತಿಳಕೊಂಡಿ? ನಾ ಬರದದ್ದು ಹೆಸರು ಕಾಳಿನ ಸುದ್ದಿ! ಉಂಡಿ ಕಟ್ಟತಾರಲ್ಲ, ಆ ಹೆಸರು! ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡ್ರಂತ. ಹಂಗಾತು ನಿಂದು. ಸೌಂದರ್ಯಾಗ ಸುಮ್ಮನ ಬೈಬ್ಯಾಡ. ಅಕಿ ಏನ ಹೇಳಿದಳು ಅಂತ ನನಗ ಗೊತ್ತಿಲ್ಲ. ನನಗ ಒಂದಕ್ಷರ ಕೇಳಸಲಿಲ್ಲ.

ಹೂಂ, ಅದನ್ನ ಬರ್ಯಾಕ ಈ ಹಾಳಿ ನಾಕು ಸಲ ಹರದು ಒಗದೀನಿ. ನನಗ ಕಿವಿ ಕೇಳಸೂದಿಲ್ಲವಾ. ಹೋದ ವರ್ಷ ಬಲಗಿವಿ ಮಂದ ಆತು, ಈ ವರ್ಷ ಎಡಗಿವಿ. ಫೋನಿನ್ಯಾಗ ನಿನ್ನ ಧ್ವನಿ ಬರೇ ಗುಂಯ್ ಅಂತೈತಿ. ಲಕ್ಷ್ಮೇಶ್ವರದ ವರನ ಸಿಟ್ಟು ಅಂತ ನೀನ ಅಂದಿ, ನನಗೂ ಅನುಕೂಲ ಆತು, ಇರ್ಲಿ ಅಂತ ಬಿಟ್ಟೆ. ಆ ಹುಡುಗ ನನಗೂ ಸೇರಿದ್ದಿಲ್ಲ.

ಅತಾವುಲ್ಲಾಗ ಒಬ್ಬಗ ಗೊತ್ತು. ನಾ ಅವಗ ಹೇಳಿಲ್ಲ, ಅವಾ ಕೇಳಿಲ್ಲ. ಕಾಳು ಕಡದು ಅವನ ಕಡೆ ನೋಡತಿದ್ದೆ. ಕಟ್ ಅಂತ ಅವಗ ಕೇಳಿಸಿದ್ರ ಹೆಗಲ ಟಾವೆಲ್ ಝಾಡಸತಿದ್ದ, ಆಮ್ಯಾಲೆ ನಾ ‘ಕಟ್ಟ್ರಿ’ ಅಂತಿದ್ದೆ. ನಿನಗ ತಿರುವುಮುರುವು ಬರದಿದ್ದೆ, ನಾ ಅಂದ ಮ್ಯಾಲೆ ಅವಾ ಝಾಡಸ್ತಾನ ಅಂತ. ಹಲ್ಲಿಗೂ ಒಂದೀಟು ತಿಳೀತತಿ, ಆದ್ರ ದವಡಿ ಹಲ್ಲು ಎರಡು ಅಲಗಾಡತಾವ, ನಂಬೂಹಂಗಿಲ್ಲ.

ಅತಾವುಲ್ಲಾ ಮದವಿಗೆ ಹೋದ ದಿನ ಕೊರ್ಲಹಳ್ಳಿ ಹನಮಂತವ್ವ ನಾಕು ಚೀಲ ಹೆಸರು ತಂದಳು. ಮಾರಾಕಲ್ಲ, ಬೀಜಕ್ಕ. ತವರಿಂದ ತಂದ ಜವಾರಿ ತಳಿ, ಓಣಿಯವರೆಲ್ಲಾ ಬಿತ್ತಾಕ ಅಕಿ ಕಡಿಂದನ ಒಯ್ತಾರ. ಚೀಲ ಕಟ್ಟಿ ಇಡಬಹುದೋ ಇಲ್ಲೋ ಅಂತ ಕೇಳಾಕ ಬಂದಿದ್ಲು. ಸಾಹುಕಾರ್ರು ‘ಮಷಿನ್‌ಗೆ ಹಾಕೂಣು’ ಅಂದ್ರು. ಅಕಿ ನಕ್ಕಳು. ‘ಕಟ್ ಕಳಕಪ್ಪಣ್ಣ ಇರಬೇಕಾದ್ರ ಅದ್ಯಾಕ್ರಿ?’ ಅಂದಂಗಿತ್ತು, ತುಟಿ ನೋಡಿ ತಿಳಕೊಂಡೆ. ಇಪ್ಪತ್ತು ಮಂದಿ ಸುತ್ತ ನಿಂತ್ರು. ಕಡದೆ. ಏನೂ ಕೇಳಸಲಿಲ್ಲ. ಎದುರಿಗೆ ಟಾವೆಲ್ ಇಲ್ಲ. ಅಷ್ಟೂ ಮಂದಿ ನನ್ನ ಬಾಯಿ ನೋಡಾಕ ಹತ್ಯಾರ. ಬ್ಯಾಡವಾ, ಮಷಿನ್‌ಗೇ ಹಾಕ್ರಿ ಅಂತ ಅನಬೇಕಿತ್ತು. ಅನ್ನಾಕ ಬಾಯಿ ತಗದೆ, ‘ಕಟ್ಟ್ರಿ’ ಅಂತ ಬಂತು.

ಹಬ್ಬದ ಹಿಂದಿನ ದಿನ ಅಕಿ ಮನಿ ಕಡೆ ಹೋದವಾ ಚೀಲಕ್ಕ ಕೈ ಹಚ್ಚಿದೆ. ಒಳಗ ಕಾವು ಎದ್ದಿತ್ತು. ತುದಿ ಬಿಚ್ಚಿ ನೋಡಿದ್ರ ಬೂಷ್ಟು. ಅಕಿ ಒಳಗ ಚಾ ಮಾಡಾಕ ಹತ್ತಿದ್ಲು. ನಾ ಹೊಳ್ಳಿ ಕಟ್ಟಿಬಿಟ್ಟೆ. ಚಾ ಕುಡದು ಬಂದೆ. ಹಬ್ಬ ಮುಗದ ಮ್ಯಾಲೆ ನಿನಗ ಆ ಪತ್ರ ಬರದದ್ದು. ಬರಿಯೂ ಮುಂದ ಯಾವ ಹೆಸರು ಬರೀತೀನಿ ಅಂತ ನನಗೂ ತಿಳಿದಿದ್ದಿಲ್ಲ.

ನಿಮ್ಮ ಸರ್ ಮುಂದ ಹೋಗಿ ಹೇಳು ಅಂತ ನಾ ಹ್ಯಾಂಗ ಹೇಳ್ಲಿ? ನಾನ ಹೇಳಿಲ್ಲ. ಹತ್ತೊಂಬತ್ತು ದಿನದಿಂದ ಆ ಚೀಲ ಒಳಗ ಬೇಯಾಕ ಹತ್ಯಾವ, ನಾ ಇಲ್ಲಿ.

ನೀ ಈ ಸಲ ‘ನೀವು’ ಬಿಟ್ಟು ‘ನೀ’ ಅಂತ ಬರದಿ. ಸಣ್ಣಾಕಿ ಇದ್ದಾಗ ಹಂಗ ಅಂತಿದ್ದಿ. ಅದೊಂದು ಚಲೋ ಅನಿಸ್ತು.

ಅಪ್ಪ


ಮೈಸೂರು
2 ಅಕ್ಟೋಬರ್ 2024

ಅಪ್ಪಾ,

ಐದು ತಿಂಗಳು ನಾ ಆ ಲಕ್ಷ್ಮೇಶ್ವರದ ಪಾಪದವನಿಗೆ ಬೈಕೋತ ಕುಂತೆನಲ್ಲೋ ಮಾರಾಯಾ! ಕಿವಿ ಕೇಳಸೂದಿಲ್ಲ ಅನ್ನಾಕ ಏನಾಗಿತ್ತು ನಿನಗ? ಅವ್ವ ಟಿವಿ ಸುದ್ದಿ ಬರದಾಗರ ನನಗ ತಿಳೀಬೇಕಿತ್ತು. ಮಂದಿ ಮಿದುಳು ನೋಡಾಕಿ ನಾನು, ನಮ್ಮ ಅಪ್ಪನ ಕಿವಿ ಗೊತ್ತಾಗಲಿಲ್ಲ. ಸಿಟ್ಟೂ ಬಂತು, ಅಳೂನೂ ಬಂತು.

ನಿನ್ನ ಪತ್ರ ಸೋಮವಾರ ಸಿಕ್ಕಿತು. ಓದಿ ಮುಗಿಸಿ, ಹಾಳಿ ಮಡಚದ ಸರ್ ಕೋಣಿಗೆ ಹೋದೆ. ತಡ ಮಾಡಿದ್ರ ಮತ್ತ ಆಗಾಂಗಿಲ್ಲ ಅಂತ. ಅವರು ‘ಬಾ ಶೈಲಾ’ ಅಂತ ನಕ್ಕರು. ನಿಂತಲ್ಲೇ ಹೇಳಿದೆ. ಎಂಟು ನಂಬರ್, ಯಾವ ದಿನ ಆತು, ಯಾವ ದಿನ ನನಗ ತಿಳೀತು, ಎಷ್ಟು ದಿನ ಮುಚ್ಚಿಟ್ಟೆ, ಎಲ್ಲಾ.

ಈಗ ಒಂದು ನಾಚಿಗ್ಗೇಡಿ ಮಾತು ಹೇಳ್ತೀನಿ, ನಗಬ್ಯಾಡ. ಹೇಳಿ ಮುಗಿಸಿ ನಾ ಅಲ್ಲೇ ನಿಂತೆ. ಯಾಕ ನಿಂತೆ ಗೊತ್ತೇನು? ‘ಶಹಬ್ಬಾಸ್, ಖರೆ ಹೇಳಿದಿ’ ಅಂತಾರೇನೋ ಅಂತ ಕಾಯ್ಕೋತ ನಿಂತಿದ್ದೆ! ಇಂಥಾದ್ರಾಗೂ ಈ ಮಿದುಳಿಗೆ ಪೇಢೆ ಬೇಕು.

ಸರ್ ಕಂಪ್ಯೂಟರ್ ಕಡೆ ತಿರಗಿ, ‘ಫೈಲ್ ಕಳಿಸು’ ಅಂದ್ರು ಅಷ್ಟ. ಸಭಾದಾಗಿನ ಮಾತು ರದ್ದಾತು, ಟಿಕೆಟ್ಟೂ ರದ್ದಾತು. ನನ್ನ ಪಟ್ಟಿ ಕೆಲಸ ಸೌಂದರ್ಯಾಗ ಹೋತು. ನನ್ನ ಈಗ ಬಂದವರ ಹೆಸರು ಬರಕೊಳ್ಳೂ ಮೇಜಿನ ಮುಂದ ಕುಂದರ್ಸ್ಯಾರ. ಹೌದು, ಹೆಸರು ಬರಕೊಳ್ಳೂದು. ನಗು ಬೇಕಾದ್ರ.

ಅಕಿ ಕಡೆ ಕೇಳಿದೆ, ಮುಂಡರಗ್ಯಾಗ ಏನ ಹೇಳಿದ್ದಿ ಅಂತ. ‘ನಿಮ್ಮ ಮಗಳನ್ನ ಎಲ್ಲಾರೂ ಹೊಗಳತಾರ ಅಂತ ಅರ್ಧಾ ತಾಸು ಹೇಳಿದೆ ನೋಡ, ನಿಮ್ಮಪ್ಪನ ಮಾರಿ ಮ್ಯಾಲೆ ಒಂದು ನಗೀನೂ ಬರಲಿಲ್ಲ’ ಅಂದಳು. ಅಕಿಗೆ ಏನೂ ಗೊತ್ತಿದ್ದಿಲ್ಲ ಅಪ್ಪಾ.

ಹಗುರಾತೇನು ಅಂತ ಕೇಳಬ್ಯಾಡ. ಆಗಿಲ್ಲ. ಹಾದ್ಯಾಗ ಇಬ್ಬರು ನಿಂತು ಮಾತಾಡಿದ್ರ ನನ್ನ ಸುದ್ದೀನ ಅನಸತೈತಿ. ಆದ್ರ ಈಗ ತಾಟಿನ್ಯಾಗಿಂದು ಪೂರಾ ಉಣ್ಣಾಕ ಹತ್ತೀನಿ. ಹನಮಂತವ್ವ ಬಿತ್ತೂದರೊಳಗ ಹೋಗು ಅಪ್ಪಾ. ನಾ ಹೇಳಿದೆ ಅಂತ ಹೋಗಬ್ಯಾಡ, ಸುಮ್ಮನ ಹೋಗು.

ಶೈಲಾ


ಮುಂಡರಗಿ
20 ಅಕ್ಟೋಬರ್ 2024

ಶೈಲವ್ವಾ,

ಹೋಗಲಿಲ್ಲ. ಅಕಿನ್ನ ಕರಸಿದೆ, ಸಂತಿ ದಿನ, ಅಂಗಡಿ ಮುಂದ, ಚೀಲ ಸಮೇತ. ಎಲ್ಲಿ ‘ಕಟ್ಟ್ರಿ’ ಅಂದಿದ್ನೋ ಅಲ್ಲೇ ಬಿಚ್ಚಬೇಕು ಅಂತ ಅನಿಸ್ತು. ಮಂದಿ ಕೂಡೇ ಕೂಡಿದ್ರು. ನಾ ಏನೋ ಮಾತಾಡತೀನಿ ಅಂದ್ರ ಕೂಡೂದು ಅವರಿಗೆ ರೂಢಿ. ಬಾಯಿ ಬಿಚ್ಚಿದೆ, ಚೀಲದ್ದೂ, ನಂದೂ. ‘ನನಗ ಕಿವಿ ಕೇಳಸೂದಿಲ್ಲ. ಒಂದು ವರ್ಷದಿಂದ ಅತಾವುಲ್ಲಾನ ಟಾವೆಲ್ ನೋಡಿ ಹೇಳಾಕ ಹತ್ತೀನಿ. ಹನಮಂತವ್ವನ ಬೀಜ ನಾ ಕೆಡಿಸೀನಿ’ ಅಂದೆ.

ಮಂದಿ ಏನಂದ್ರೋ ಏನೋ, ನನಗೆಲ್ಲಿ ಕೇಳಬೇಕು! ಬಾಯಿ ಅಳ್ಳಾಡೂದು ಕಂಡಿತು. ಕೆಲವರು ನಕ್ಕಂಗ ಕಾಣಸ್ತು. ಯಾರೂ ನನ್ನ ಮಾರಿ ನೆಟ್ಟಗ ನೋಡಲಿಲ್ಲ. ಅವರು ಅಂದದ್ದನ್ನ ಅತಾವುಲ್ಲಾ ಹೇಳಾಕ ಬಂದ. ಬ್ಯಾಡೋ, ಈ ಸಲ ಬ್ಯಾಡ ಅಂದೆ. ಒಳಗ ಹೋಗಿ ಚಾ ಕುಡಿಯೂತನಾ ತಡದೆ. ಆಮ್ಯಾಲೆ ತಡೀಲಿಲ್ಲ. ಏನಂದಳೋ ಹನಮಂತವ್ವ ಅಂತ ಕೇಳೇಬಿಟ್ಟೆ. ಅವಾ ನನ್ನ ಕಿವ್ಯಾಗ ಒದರಿದ, ಅರ್ಧಾ ಬಜಾರಕ್ಕ ಎರಡನೇ ಸಲ ಕೇಳಿಸಿತು. ‘ಕಿವಿ ಇದ್ದಿದ್ದಿಲ್ಲ, ಸರಿ. ಬಾಯಿ ಇತ್ತಲ್ಲ ಕಳಕಪ್ಪಣ್ಣ?’ ಅಂದಿದ್ಲಂತ.

ನಾಕು ಚೀಲದಾಗ ಆರಿಸಿ ಆರಿಸಿ ಎರಡು ಸೇರಿನಷ್ಟು ಮೊಳಕಿ ಒಡಿಯೂ ಕಾಳು ಉಳದಾವ. ಅಕಿ ಅವನ್ನ ಬಿಸಲಿಗೆ ಹಾಕ್ಯಾಳ. ಮುಟ್ಟಾಕ ಹೋದ್ರ ನನ್ನ ಕೈ ಸರಿಸಿದಳು. ಆದ್ರ ಮುಂದಿನ ಸಲ ಮಷಿನ್‌ಗೆ ಹಾಕೂ ಮುಂದ ನೀನೂ ಬಾ ಅಂದಾಳ.

ನಿಮ್ಮವ್ವ ನನ್ನ ಗದಗಿಗೆ ಎಳಕೊಂಡು ಹೋದಳು. ಕಿವಿಗೆ ಮಷಿನ್ ಹಾಕ್ಯಾರ. ಸಾಹುಕಾರ್ರ ಮಷಿನ್ ಬೈದವಗ ಈಗ ಎರಡು ಮಷಿನ್. ಮೊದಲನೇ ದಿನ ಅಕಿ ರೊಟ್ಟಿ ಬಡಿಯೂದು ಕೇಳಿ ಅಂಜಿಬಿಟ್ಟೆ, ಇಷ್ಟು ಜೋರು ಬಡೀತಿದ್ಲೇನು ಅಂತ. ಬಜಾರಕ್ಕ ಹೋದ್ರ, ಮಷಿನ್ ಹಾಕ್ಕೊಂಡು ಅಲ್ಲಿ ಕೇಳಿದ ಮೊದಲನೇ ಮಾತು ಏನ ಅಂತೀ? ‘ಕಿವುಡ ಕಳಕಪ್ಪ ಬಂದ ನೋಡ್ರಿ.’ ನಲವತ್ತು ವರ್ಷದ ಹೆಸರು ಒಂದು ಸಂತಿಯೊಳಗ ಬದಲಾತು. ಖರೆ ಹೇಳ್ಲಿ? ಹೊಟ್ಟ್ಯಾಗ ಉರೀತು. ಇನ್ನೂ ಉರಿಯಾಕ ಹತ್ತೈತಿ. ನಿನ್ನ ಕೊಳವ್ಯಾಗ ಮಲಗಿಸಿದ್ರ ಆ ಜಾಗಾ ಕಂಡೀತು.

ನಿನ್ನಿ ಮನ್ಯಾಗ ಒಬ್ಬವನ ಇದ್ದೆ. ಡಬ್ಬ್ಯಾಗಿನ ಒಂದು ಹೆಸರು ಕಾಳು ತಗೊಂಡು ಕಡದೆ. ಕಟ್ ಅಂತು. ಸುತ್ತ ಯಾರೂ ಇದ್ದಿಲ್ಲ, ಆದ್ರೂ ನಗು ಬಂತು.

ನೀ ಸರ್ ಮುಂದ ಮಾಡಿದ್ದಕ್ಕ ಶಹಬ್ಬಾಸ್ ಅಂತ ಬರ್ಯಾಕ ಕೈ ಕಡೀತತಿ. ಇಲ್ಲಿ ಬರಿಯೂದಿಲ್ಲ. ಇನ್ನ ಪತ್ರ ಬ್ಯಾಡವಾ. ಫೋನ್ ಮಾಡು, ಎತ್ತತೀನಿ.

ಅಪ್ಪ